ಪೈಪಿಗೊಂದು ತೂತು

ಭಾನುವಾರ, ಹದಿನೇಳನೇ ತಾರೀಖು.

ಇವತ್ತು ಗೆದ್ದೆ! ಕರೆಂಟು ಹೋಯಿತು, ಆದರೂ ಮೀನಿನ ತೊಟ್ಟಿಯಿಂದ ಒಂದು ಹನಿ ನೀರೂ ನೆಲಕ್ಕೆ ಬೀಳಲಿಲ್ಲ.

ತೊಟ್ಟಿಯ ಕೆಳಗೆ ನಾನೇ ಮಾಡಿಟ್ಟ ಫಿಲ್ಟರ್ ಡಬ್ಬ ಇದೆಯಲ್ಲ, ಕೊಳೆ ನೀರು ಅದಕ್ಕಿಳಿದು, ಸ್ಪಂಜಿನಲ್ಲಿ ಸೋಸಿಕೊಂಡು, ಪಂಪಿನ ಪೈಪಿನಲ್ಲಿ ಮತ್ತೆ ಮೇಲೆ ತೊಟ್ಟಿಗೆ ಹೋಗುತ್ತದೆ. ಪಂಪು ನಿಂತರೆ ಮಾತ್ರ ಅದೇ ಪೈಪು ತೊಟ್ಟಿಯ ನೀರನ್ನು ಉಲ್ಟಾ ಹೀರಿ ಡಬ್ಬ ತುಂಬಿಸಿ ಮನೆಯನ್ನೆಲ್ಲ ಕೆರೆ ಮಾಡುತ್ತಿತ್ತು. ಹೋದ ಸಲ ಕೆಳಗಿನ ಮನೆಯ ಓನರಮ್ಮನ ಮಂಚದ ಮೇಲೇ ಸೋರಿತ್ತು.

"ಇನ್ನೊಂದ್ಸಲ ಸೋರಿದ್ರೆ ಮೀನೂ ಖಾಲಿ, ನೀವೂ ಖಾಲಿ" ಅಂದಿದ್ದರು.

ಉಪಾಯ ಹೊಳೆದದ್ದು ಅತ್ತೆಯಿಂದ. ಮೊನ್ನೆ ಸೀಳಿದ ಸ್ಟ್ರಾದಲ್ಲಿ ಜ್ಯೂಸ್ ಹೀರುತ್ತಾ, "ಅಳಿಯಂದ್ರೇ, ಬರೀ ಗಾಳಿ ಬರ್ತಿದೆ" ಅಂದರು. ನಾನು ಕುಣಿದುಬಿಟ್ಟೆ. ನನ್ನ ಪೈಪಿಗೂ ಗಾಳಿ ಕುಡಿಸಿದರಾಯಿತು! ತೊಟ್ಟಿಯ ನೀರಿನ ಮಟ್ಟಕ್ಕಿಂತ ಚೂರು ಕೆಳಗೆ ಪೈಪಿಗೊಂದು ತೂತು ಕೊರೆದೆ. ನೀರು ಅಲ್ಲಿಗಿಳಿದ ಕೂಡಲೇ ಗಾಳಿ ನುಗ್ಗಿ ಹೀರುವುದು ನಿಲ್ಲಬೇಕು.

ಸಂಜೆ ಕರೆಂಟು ಹೋದಾಗ ಹೆಂಡತಿ ಒರೆಸುವ ಬಟ್ಟೆ ಹಿಡಿದು ಕಾದು ಕೂತಳು. ಡಬ್ಬದಲ್ಲಿ ನೀರು ಏರಿತು, ಇನ್ನೂ ಏರಿತು. ಅಂಚಿಗೆ ಎರಡು ಬೆರಳು ಬಾಕಿ ಇರುವಾಗ ಪೈಪು ಗೊರ್ರ್ ಅಂದು ಸುಮ್ಮನಾಯಿತು!

"ರೀ, ನಿಮ್ಮ ಗೊರಕೇನೂ ಹೀಗೇ ನಿಲ್ಲುತ್ತಾ? ಎಲ್ಲಿ ತೂತು ಹಾಕ್ಲಿ ಹೇಳಿ" ಅಂದಳು.

ನಗುತ್ತ ಮಲಗಿದಳು. ದಿನಾ ತೊಟ್ಟಿಯ ಪಕ್ಕದಲ್ಲೇ ಇರುತ್ತಿದ್ದ ಒರೆಸುವ ಬಟ್ಟೆ ಇವತ್ತು ಅಲ್ಲಿಲ್ಲ. ಹೋಗಿ ನೋಡಿದೆ, ಮಡಚಿ ಬಚ್ಚಲಲ್ಲಿ ಎತ್ತಿಟ್ಟಿದ್ದಾಳೆ. ಇನ್ನು ನಾನೂ ಗೊರ್ರ್...