ಯಾರೂ ಎದ್ದು ನಿಲ್ಲದ ಗಂಟು

ಮೂವತ್ತನೆಯ ಫೆಬ್ರವರಿ, ೨೧೪೭
ಆರನೆಯ ಗಾಳಿಕಂಬ, ಕಪ್ಪತಗುಡ್ಡ

ಸರೋಜಿನಿ ಬಳಿಗಾರ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ಗಾಳಿ ಬಿದ್ದ ದಿನಗಳೆಂದು ಬಿಟ್ಟುಬಿಡುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಂಡಾವು, ಕ್ಷಮಿಸಿ. ಕಂಪ್ಯೂಟರಿಗೆ ಒಂದೊಂದು ಕೆಲಸ ಕಲಿಸುವ ತಂತ್ರಾಂಶವನ್ನು ನೀವು ಪ್ಯಾಕೇಜು ಎನ್ನುತ್ತೀರಿ, ನಮಗೆ ಅದು ಗಂಟು. ಯಂತ್ರವನ್ನು ಒಳಗಿನಿಂದ ನಡೆಸುವ ಲಿನಕ್ಸ್‌ನ ಹೆಸರು ಮಾತ್ರ ಹಾಗೆಯೇ ಉಳಿದಿದೆ. ಅದರ ಅರ್ಥವನ್ನು ಯಾರೂ ಕೇಳುವುದಿಲ್ಲ.

ನಿಮ್ಮ ಹೆಸರು ಡಿಸ್ಕಿನ ಮೇಲಿನ ಚೀಟಿಯಲ್ಲಿತ್ತು. ಮುಂಡರಗಿಯ ಓದುವ ಕೋಣೆಗೆ ನೀವು ಒಂದು ಕಂಪ್ಯೂಟರ್ ಸಿದ್ಧಪಡಿಸಿದಿರಿ. ಇಂಟರ್ನೆಟ್ ಇಲ್ಲದ ದಿನಕ್ಕೆ ಇರಲಿ ಎಂದು ಬೇಕೆನಿಸಿದ ಪ್ಯಾಕೇಜುಗಳನ್ನು ಒಂದು ಡಿಸ್ಕಿನಲ್ಲಿ ತುಂಬಿಟ್ಟಿರಿ. ಆ ದಿನ ಬಂದು ಬಹಳ ಕಾಲವಾಯಿತು. ನಿಮ್ಮ ಕಂಪ್ಯೂಟರು ಯಂತ್ರದಿಂದ ಯಂತ್ರಕ್ಕೆ ನಕಲಾಗುತ್ತ ನಮ್ಮ ತನಕ ಬಂದಿದೆ. ಡಿಸ್ಕಿನ ನಕಲೂ ಇದೆ. ಬರಗಾಲಕ್ಕೆಂದು ಕಾಳು ಹೂತಿಡುವ ಹಗೇವಿನಂತೆ, ನಮಗಿರುವ ಒಂದೇ ದಾಸ್ತಾನು ಅದು.

ಕರೆಂಟು ಕೊಡುವ ಈ ಗಾಳಿಕಂಬದ ಬುಡದಲ್ಲಿ ನಾವು ನಲವತ್ತು ಮನೆಯವರು ಇದ್ದೇವೆ. ಎಲ್ಲರಿಗೂ ಸೇರಿ ಒಂದು ಯಂತ್ರ. ನೀರಿನ ಪಂಪನ್ನು ಅದು ನಡೆಸುತ್ತದೆ, ಮಗ್ಗದ ವಿನ್ಯಾಸಗಳನ್ನು ಇಟ್ಟುಕೊಳ್ಳುತ್ತದೆ, ಬೇರೆ ಕಂಬಗಳಿಂದ ಬರುವ ಕಾಗದಗಳನ್ನು ತೆರೆಯುತ್ತದೆ. ಕಳೆದ ಶ್ರಾವಣದಲ್ಲಿ ಅದರೊಳಗಿನ ಅರ್ಧ ಜಾಗ ಸತ್ತುಹೋಯಿತು. ಉಳಿದ ಅರ್ಧದಲ್ಲಿ ಎಲ್ಲವನ್ನೂ ಹೊಸದಾಗಿ ಕೂಡಿಸಬೇಕಾಯಿತು. ಆ ಕೆಲಸ ನನ್ನದು.

ನಮ್ಮಲ್ಲೊಂದು ಪದ್ಧತಿ ಇದೆ. ಊರವರನ್ನು ಸೇರಿಸಿ, ಯಂತ್ರದಲ್ಲಿದ್ದ ಗಂಟುಗಳ ಹೆಸರನ್ನು ನಾನು ಒಂದೊಂದಾಗಿ ಓದುತ್ತೇನೆ. ಯಾರಾದರೂ ಎದ್ದು ನಿಂತು ಅದು ಬೇಕು ಎನ್ನಬೇಕು. ಯಾರೂ ಏಳದಿದ್ದರೆ ಅದು ಒಳಗೆ ಹೋಗುವುದಿಲ್ಲ. ಬೇಡದ್ದನ್ನೆಲ್ಲ ತುಂಬಿಕೊಂಡು ಕೆಟ್ಟ ಯಂತ್ರಗಳನ್ನು ಕಂಡಿದ್ದ ನನ್ನ ಅಜ್ಜ ಮಾಡಿದ ಕಟ್ಟಳೆ ಇದು. ನ್ಯಾಯವಾದದ್ದು ಎಂದು ನಾನೂ ನಂಬಿದ್ದೆ. ಪಂಪಿನ ಗಂಟಿಗೆ ಅರ್ಧ ಊರೇ ಎದ್ದಿತು. ಇಸ್ಪೀಟಿನ ಆಟಕ್ಕೆ ಮುದುಕ ದ್ಯಾಮಣ್ಣ ಒಬ್ಬನೇ ಎದ್ದ. “ಅದೂ ಬ್ಯಾಡಂದ್ರ ನಾವೇನ್ ಮಾಡೋಣ್ರೀ, ನಿಮ್ಮ ಮಾರಿ ನೋಡ್ಕೊಂತ ಕುಂದ್ರೂಣೇನು?” ಎಂದ. ಎಲ್ಲರೂ ನಕ್ಕರು, ಆಟ ಒಳಗೆ ಹೋಯಿತು. ಬರಹವನ್ನು ಗಟ್ಟಿಯಾಗಿ ಓದುವ ದನಿಯ ಗಂಟಿಗೆ ನೀಲಗಂಗವ್ವ ಕಂಬ ಹಿಡಿದು ಎದ್ದಳು. ಆಕೆಗೆ ಕಣ್ಣಿಲ್ಲ. “ಅದು ನನ್ನ ಕಣ್ಣು, ಇರ್ಲಿ” ಎಂದಳು.

ಕೊನೆಯಲ್ಲಿ ಒಂದು ಸಣ್ಣ ಗಂಟು ಉಳಿಯಿತು. ಇಂಗ್ಲಿಷ್ ಅಕ್ಷರ, ಅಡ್ಡಗೆರೆ, ಅಂಕಿಗಳು ಸೇರಿದ ಉದ್ದನೆಯ ಹೆಸರು. ಎರಡು ಸಲ ಓದಿದೆ. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಕಟ್ಟಳೆಯಂತೆ ಅದನ್ನು ಅಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಎಂಟನೆಯ ಕಂಬದಿಂದ ನೀಲಗಂಗವ್ವನ ಮಗಳು ಕಸ್ತೂರಿಯ ಕಾಗದ ಬಂತು. ದನಿ ತಾರೀಖಿನ ಅಂಕಿಗಳನ್ನು ಓದಿ ಸುಮ್ಮನಾಯಿತು. ಕನ್ನಡದ ಅಕ್ಷರಗಳನ್ನು ಹೇಗೆ ನುಡಿಯಬೇಕೆಂಬ ತಿಳಿವು ಆ ಸಣ್ಣ ಗಂಟಿನಲ್ಲಿತ್ತು. ಡಿಸ್ಕನ್ನೆಲ್ಲ ಹುಡುಕಿದೆ. ದನಿ ಅಲ್ಲಿದೆ, ಇದು ಇಲ್ಲ. ಬೇರೆ ಕಂಬಗಳವರನ್ನೂ ಕೇಳಿದೆ, ಯಾರ ಬಳಿಯೂ ಇಲ್ಲ. ಇದನ್ನು ನೀವು ಅಂದು ನೇರವಾಗಿ ಇಂಟರ್ನೆಟ್ಟಿನಿಂದಲೇ ಕಂಪ್ಯೂಟರಿಗೆ ಹಾಕಿಕೊಂಡಿರಬೇಕು. ಡಿಸ್ಕಿಗೂ ಬೇಕೆಂದು ನೆನಪಿಸುವವರು ಪಕ್ಕದಲ್ಲಿ ಇರಲಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ.

ಅಂದಿನಿಂದ ನೀಲಗಂಗವ್ವನಿಗೆ ಬರುವ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೇನೆ. ಆ ಮೊದಲ ಕಾಗದದ ನಡುವೆ ಒಂದು ಸಾಲು ಇತ್ತು: “ಅವ್ವಾ, ಈ ಸಲನೂ ಬಸಿರು ನಿಲ್ಲಲಿಲ್ಲ, ಯಾರಿಗೂ ಹೇಳಬ್ಯಾಡ.” ಅದನ್ನು ದಾಟಿ ಮುಂದಿನ ಸಾಲಿಗೆ ಹೋದೆ. ಕರುಣೆಯಿಂದ ಎಂದುಕೊಂಡೆ, ನಾಚಿಕೆಯೂ ಇದ್ದಿರಬೇಕು.

“ನಡುವ ಉಸಿರು ಹಿಡದ್ರಿ,” ಎಂದಳು ನೀಲಗಂಗವ್ವ. “ಅಲ್ಲೇನೈತಿ, ಓದ್ರಿ.”

ಓದಿದೆ. ಆಕೆ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿಕೊಂಡಳು. ಆಮೇಲೆ, “ಆ ಯಂತ್ರಕ್ಕ ನನ್ನ ಮ್ಯಾಲ ಕನಿಕರ ಇರಲಿಲ್ಲ ನೋಡ್ರಿ. ಅದಕ್ಕ ಅದನ್ನ ನಂಬತಿದ್ದೆ” ಎಂದಳು. ನನ್ನ ಮೇಲೆ ಸಿಟ್ಟು ಇರಲಿಲ್ಲ. ಈಗ ಕಸ್ತೂರಿಯ ಕಾಗದಗಳು ಗಿಡ್ಡವಾಗಿವೆ. ಹವೆಯ ಬಗ್ಗೆ, ಎಮ್ಮೆಯ ಬಗ್ಗೆ ಬರೆಯುತ್ತಾಳೆ. ಯಾರು ಓದುತ್ತಾರೆಂದು ಆಕೆಗೆ ತಿಳಿದಿದೆ.

ಈ ಕಾಗದ ಹಿಂದಕ್ಕೆ ನಿಮ್ಮ ಕಾಲಕ್ಕೆ ಬರುವ ದಾರಿಯನ್ನು ವಿವರಿಸಲು ನನಗೆ ಬರುವುದಿಲ್ಲ. ತಲುಪಿದರೆ, ಆ ಡಿಸ್ಕನ್ನು ಮುಚ್ಚುವ ಮೊದಲು ಒಮ್ಮೆ ತಡೆಯಿರಿ. ದನಿಯ ಜೊತೆಗೆ ಆ ಸಣ್ಣದನ್ನೂ ಹಾಕಿ. ಅದು ಹಿಡಿಯುವ ಜಾಗ ಒಂದು ಫೋಟೋದಷ್ಟೂ ಇಲ್ಲ.

ನೀವು ಹಾಗೆ ಮಾಡಿದರೆ ನಾನು ಇದನ್ನು ಬರೆದೇ ಇರುವುದಿಲ್ಲ. ನೀಲಗಂಗವ್ವ ಬಾಗಿಲು ಮುಂದೆ ಮಾಡಿಕೊಂಡು, ಒಬ್ಬಳೇ ಕೂತು, ಮಗಳ ಕಾಗದ ಕೇಳುತ್ತಿರುತ್ತಾಳೆ. ನಾನು ಹೊರಗೆ ಪಂಪಿನ ಹತ್ತಿರ ಎಲ್ಲೋ ಇರುತ್ತೇನೆ. ಆ ಸಾಲು ನನಗೆ ಗೊತ್ತಿರುವುದಿಲ್ಲ.

ಇತಿ,
ಆರನೆಯ ಕಂಬದ ಯಂತ್ರ ನೋಡಿಕೊಳ್ಳುವ
ಅಡಿವೆಪ್ಪ