ಫ್ಲೂ ಸತ್ತಿತೆಂದು ಸಾರಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಫ್ಲೂ ಸತ್ತುಹೋಯಿತೆಂದು ತಾವು ಪತ್ರಿಕೆಗಳಲ್ಲಿ ಸಾರಿದಿರಿ. ಸತ್ತವಳು ನನ್ನ ಅಕ್ಕ.

ಮಹಾಮಾರಿಯ ಎರಡು ಚಳಿಗಾಲ ಫ್ಲೂ ಬರಲಿಲ್ಲ, ನಿಜ. ಶಾಲೆಗಳಿಗೆ ಬೀಗ, ಬಸ್ಸುಗಳು ಖಾಲಿ, ಎಲ್ಲರ ಮುಖಕ್ಕೂ ಮಾಸ್ಕು. ಕೆಮ್ಮಿದವನನ್ನು ಕಳ್ಳನಂತೆ ನೋಡುತ್ತಿದ್ದ ಕಾಲ. ಪಾಪ, ಫ್ಲೂ ಯಾರ ಮೂಗಿಗೆ ಹೋಗಬೇಕಿತ್ತು? ಆದರೆ ತಮ್ಮ ಕಚೇರಿ ಅದನ್ನು ಸ್ವಂತ ಪರಾಕ್ರಮವೆಂದೇ ಬಗೆಯಿತು. ಕಾಗೆ ಕೂತಿತು, ಕೊಂಬೆ ಮುರಿಯಿತು, ಕಾಗೆಗೆ ಸನ್ಮಾನ! ಅದರ ಬೆನ್ನಿಗೇ ನಮ್ಮ ಬೀದಿಯ ಜ್ವರದ ಚಿಕಿತ್ಸಾಲಯ ಮುಚ್ಚಿದಿರಿ, ಚಳಿಗಾಲದ ಲಸಿಕೆ ನಿಲ್ಲಿಸಿದಿರಿ. ರೋಗವೇ ಇಲ್ಲದ ಮೇಲೆ ಮದ್ದೇಕೆ, ಅಲ್ಲವೇ? ಜನ ಮಾಸ್ಕು ಕಿತ್ತೆಸೆದ ಮೇಲೆ ಅದು ಮರಳಿ ಬರುತ್ತದೆ, ಎರಡು ವರ್ಷ ಅದರ ಮುಖ ಕಾಣದ ನಮ್ಮ ಮೈಗಳು ಅದರೊಡನೆ ಸೆಣಸುವುದನ್ನೇ ಮರೆತಿರುತ್ತವೆ ಎಂದು ತಮಗೆ ಹೇಳುವವರು ಯಾರೂ ಇರಲಿಲ್ಲವೇ?

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಮಹಾಮಾರಿಯ ರೋಗಿಗಳು ಮಲಗಿದ್ದ ಹಾಸುಗಳನ್ನು ಕುದಿಸಿ, ಹಿಂಡಿ, ಮಡಚಿದವಳು. ಒಂದು ದಿನವೂ ತಾನು ಕಾಯಿಲೆ ಬಿದ್ದು ಮಲಗಲಿಲ್ಲ. "ಬೀಸೋ ದೊಣ್ಣೆ ತಪ್ಪಿತು ಕಣೋ, ಇನ್ನು ನಂಗೆ ಸಾವಿರ ವರ್ಷ ಆಯಸ್ಸು" ಎಂದು ನಗುತ್ತಿದ್ದಳು. ಮೂರನೆಯ ಚಳಿಗಾಲ ಅವಳಿಗೆ ಜ್ವರ ಬಂತು. ಬೀದಿಯ ಚಿಕಿತ್ಸಾಲಯ ಇಲ್ಲವಲ್ಲ, ಎರಡು ಬಸ್ಸು ಬದಲಿಸಿ ಅವಳ ಆಸ್ಪತ್ರೆಗೇ ಕರೆದೊಯ್ದೆ. ಮೂಗಿಗೆ ಕಡ್ಡಿ ಹಾಕಿ ಪರೀಕ್ಷಿಸಿದ ವೈದ್ಯರು ಮುಗುಳ್ನಕ್ಕರು. "ಹೆದರ್ಬೇಡಿ, ಅದಲ್ಲ. ಬರೀ ಫ್ಲೂ. ಬಿಸಿನೀರು ಕುಡಿದು ಮಲಗಿ."

ನನಗೆ ಹೋದ ಜೀವ ಬಂದಂತಾಯಿತು. ದಾರಿಯಲ್ಲಿ ಕಿತ್ತಳೆ ಕೊಂಡೆ. ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ ಅಕ್ಕ, "ಬರೀ ಫ್ಲೂನೇ ಇಷ್ಟು ಮೈ ನೋಯಿಸತ್ತಾ?" ಅಂದಳು. ವಾರ ಕಳೆಯುವುದರೊಳಗೆ ಉಸಿರು ಸಿಗದಾಯಿತು. ಮತ್ತೆ ಹೊತ್ತೊಯ್ದೆವು. ಹಾಸಿಗೆಗಳೆಲ್ಲ ಅಂಥದೇ ರೋಗಿಗಳಿಂದ ಭರ್ತಿ; ಕಾರಿಡಾರಿನಲ್ಲಿ ಮಲಗಿಸಿದರು. ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಓಡಿಬಂದು ಹೊದಿಕೆ ಹೊದಿಸಿದಳು. ಅಕ್ಕ ಅದರ ಅಂಚು ಮುಟ್ಟಿ, "ಸರಿಯಾಗಿ ಒಣಗಿಲ್ಲ ಕಣೇ" ಅಂದಳು. ಆಮೇಲೆ ಮಾತಾಡಲಿಲ್ಲ.

"ಅಷ್ಟು ದೊಡ್ಡದನ್ನ ಗೆದ್ದವಳು ನೆಗಡಿಗೆ ಹೋದಳಾ?" ಎಂದು ಅಮ್ಮ ಈಗಲೂ ಕೇಳುತ್ತಾಳೆ. ಏನು ಹೇಳಲಿ, ತಾವೇ ತಿಳಿಸಿ.

ಲಸಿಕೆ ಮತ್ತೆ ಕೊಡಿಸಿ, ಮುಚ್ಚಿದ ಬಾಗಿಲು ತೆಗೆಸಿ. ಇಷ್ಟೇ ನನ್ನ ಆಗ್ರಹ. ತಾವು ಮಾಡುವಿರೆಂಬ ನಂಬಿಕೆ ಮಾತ್ರ ನನಗಿಲ್ಲ. ನಿನ್ನೆ ಆ ಚಿಕಿತ್ಸಾಲಯದ ಮುಂದೆ ಹಾದುಹೋದೆ. ತಮ್ಮವರು ಬಾಗಿಲಿಗೆ ಹೊಸ ಬೀಗ ಹಾಕುತ್ತಿದ್ದರು. ಹಳೆಯದು ತುಕ್ಕು ಹಿಡಿದಿತ್ತಂತೆ.

ಇಂತಿ,
ಉತ್ತರ ಬಾರದೆಂದು ಬಲ್ಲ,
ಕೆಮ್ಮುತ್ತಲೇ ಬರೆದ ಒಬ್ಬ ತಮ್ಮ