ಹಿತ್ತಲ ಕೋಣೆಯ ಹಳದಿ ಬಾಗಿಲು

ನವೆಂಬರ್ 11, ಸೋಮವಾರ. ಬೆಳಿಗ್ಗೆ 10.30

ಮಾತ್ರೆ ನುಂಗಿದ್ದಾಯಿತು. ಎಂಟು ತಿಂಗಳ ಬಸುರಿಯ ಕಾಲಿನ ಬಾವು ಹಾಗೇ ಇದೆ. ಇವರು ಡ್ಯೂಟಿಗೆ ಹೋದರು. ಧರ್ಮಪುರದ ಬಸ್ಸಿನ ಕಂಡಕ್ಟರ್, ಇನ್ನು ಬರುವುದು ಸಂಜೆಗೇ. ಅತ್ತೆ ಎದ್ದಾಗಿನಿಂದ ಹಿತ್ತಲ ಕೋಣೆಯಲ್ಲಿದ್ದಾರೆ. ಶೇಂಗಾ ಚೀಲಗಳನ್ನೆಲ್ಲ ಹೊರಗೆ ಹಾಕಿಸಿ ಗುಡಿಸುತ್ತಿದ್ದಾರೆ. ನಾಲ್ಕು ವರ್ಷದಿಂದ ಹೆಗ್ಗಣಗಳ ಸಂಸಾರ ನಡೆಯುತ್ತಿದ್ದ ಕೋಣೆ. ಈಗ ಯಾಕೆ?

ಕೇಳಿದೆ. "ಸುಮ್ನೆ ಕಣವ್ವ, ಗಲೀಜಾಗಿತ್ತು" ಅಂದರು. ನಮ್ಮತ್ತೆ ಜಯಕ್ಕ ಸುಮ್ಮನೆ ಏನಾದರೂ ಮಾಡಿದ್ದನ್ನು ಹಿರಿಯೂರಿನಲ್ಲಿ ಯಾರೂ ಕಂಡಿಲ್ಲ.

ನವೆಂಬರ್ 13

ಇವರು ಎರಡು ಡಬ್ಬಿ ಪೇಂಟ್ ತಂದಿದ್ದಾರೆ. ದೊಡ್ಡದು ಹಳದಿ, ಚಿಕ್ಕದು ಕೆಂಪು. ಹಿತ್ತಲ ಕೋಣೆಯ ಬಾಗಿಲು, ಕಿಟಕಿಗಂತೆ. ಆ ಬಾಗಿಲಿಗೆ ವಾರ್ನಿಷ್ ಇದೆ! ಮನೆ ಕಟ್ಟಿಸಿದಾಗ ಉಳಿದಿದ್ದನ್ನೆಲ್ಲ ಅದಕ್ಕೇ ಬಳಿದಿದ್ದಾರೆ, ಮುಖ ಕಾಣುವಷ್ಟು ಹೊಳೆಯುತ್ತದೆ.

"ಚೆನ್ನಾಗಿರೋ ಬಾಗ್ಲಿಗೆ ಬಣ್ಣ ಯಾಕ್ರಿ?"

"ಅವ್ವ ಹೇಳ್ತು, ತಂದೆ." ಮುಖ ಗೋಡೆಯ ಕಡೆ. ಡಬ್ಬಿ ಕೆಳಗಿಟ್ಟು, "ಬಾಡಿಗೆಗೆ ಕೊಡಾಣ ಅಂತ."

ಬಚ್ಚಲೇ ಇಲ್ಲದ ಕೋಣೆಗೆ ಯಾರು ಬಾಡಿಗೆಗೆ ಬರುತ್ತಾರೆ? ಗೋವರ್ಧನ ಎಂದು ಹೆಸರಿಟ್ಟುಕೊಂಡು ಒಂದು ಸುಳ್ಳನ್ನೂ ಎತ್ತಿ ಹಿಡಿಯಲು ಬರುವುದಿಲ್ಲ ಈ ಮನುಷ್ಯನಿಗೆ.

ನವೆಂಬರ್ 16, ಮಧ್ಯಾಹ್ನ

ಅತ್ತೆ ಫೋನಿನಲ್ಲಿದ್ದರು. ಆ ಕಡೆ ಅವರ ತಮ್ಮ, ಯಲ್ಲದಕೆರೆಯ ಗೊಲ್ಲಪ್ಪ ಮಾವ. ನಾನು ಲೋಟ ತೊಳೆಯುವುದನ್ನು ನಿಲ್ಲಿಸಿದೆ.

"ದಿನ ತುಂಬ್ತಾ ಬಂದೈತೆ. ಕೋಣೆ ರೆಡಿ ಮಾಡ್ತಿದೀನಿ. ರಂಜಿತಾಗೆ ಮಾತ್ರ ಹೇಳ್ಬ್ಯಾಡ, ತಿಳೀತಾ?"

ನನಗೇ ತಿಳಿಯಿತು.

ನಮ್ಮಲ್ಲಿ ಹೆತ್ತವಳೂ ಮನೆದೇವರೂ ಒಂದೇ ಸೂರಿನ ಕೆಳಗೆ ಇರುವ ಹಾಗಿಲ್ಲ. ಸೂತಕ ಕಳೆಯುವವರೆಗೆ ಬಾಣಂತಿ, ಕೂಸು ಇಬ್ಬರೂ ಹಟ್ಟಿಯಾಚೆ ಗುಡಿಸಲಲ್ಲಿ. ಮತ್ತೋಡಿನ ಹತ್ತಿರ ನಮ್ಮ ಹಟ್ಟಿಯಲ್ಲಿ ನನ್ನವ್ವ ಹಾಗೇ ಇದ್ದಳು, ಮಾಗಿಯ ಚಳಿಯಲ್ಲಿ. ನನ್ನ ತಮ್ಮ ಹನ್ನೊಂದನೇ ದಿನ ಹೋದ. ನನಗಾಗ ಏಳು ವರ್ಷ. ದೂರದಿಂದ ನೋಡಿದೆ, ಮುಟ್ಟಲು ಬಿಡಲಿಲ್ಲ.

ಅದಕ್ಕೇ ಹೆರಿಗೆಗೆ ತವರಿಗೆ ಹೋಗುವುದಿಲ್ಲ ಎಂದಿದ್ದು. ಪೇಟೆ ಮನೆ, ಇಲ್ಲಿ ಅದೆಲ್ಲ ಇಲ್ಲ ಅಂದುಕೊಂಡಿದ್ದೆ. ಪಡಸಾಲೆಯಲ್ಲಿ ದೇವರ ಪೆಟ್ಟಿಗೆ ಇದೆ ಎಂಬುದೇ ಮರೆತುಹೋಗಿತ್ತು. ಭಯವಾಗುತ್ತಿದೆ.

ನವೆಂಬರ್ 18

ಹಿತ್ತಲ ಕೋಣೆಯಲ್ಲಿ ಇಣುಕಿದೆ. ಹೊಸ ಚಾಪೆ. ಕಂಬಳಿ. ಒಂದು ಕೊಡ, ಒಂದು ತಟ್ಟೆ, ಒಂದು ಲೋಟ.

ಒಂದೇ.

ನವೆಂಬರ್ 20

ಬಣ್ಣದ ಕೆಲಸ ಶುರು. ಅತ್ತೆ ಸೆರಗು ಸಿಕ್ಕಿಸಿ ತಾವೇ ನಿಂತರು. ಮೊದಲು ಹಳೇ ಬಟ್ಟೆಯನ್ನು ಹೊಂಗೆ ಎಣ್ಣೆಯಲ್ಲಿ ಅದ್ದಿ ಬಾಗಿಲಿಗೆಲ್ಲ ತಿಕ್ಕಿದರು. ಮರ ಅಂದರೆ ಎಣ್ಣೆ. ಕುರಿ ರೊಪ್ಪದ ಬಾಗಿಲಿಂದ ಕೊಡಲಿಯ ಕಾವಿನವರೆಗೆ ಅವರಿಗೆ ಗೊತ್ತಿರುವುದು ಅದೊಂದೇ. "ಹುಳ ಹಿಡಿಯಲ್ಲ" ಅಂದರು. ಅದರ ಮೇಲೇ ಹಳದಿ.

ನನ್ನಪ್ಪ ಹೊಸದುರ್ಗದಲ್ಲಿ ಇಪ್ಪತ್ತು ವರ್ಷ ಪೇಂಟರ್ ಆಗಿದ್ದವನು. ವಾರ್ನಿಷ್ ಬಾಗಿಲನ್ನು ಮೊದಲು ಸೋಡಾ ನೀರಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಒಣಗಿದ ಮೇಲೆ ಉಪ್ಪು ಕಾಗದ ಹಾಕಿ ಉಜ್ಜಬೇಕು, ಹೊಳಪು ಹೋಗಿ ಮಂಕಾಗುವವರೆಗೆ. ಧೂಳು ಒರೆಸಿ ಪ್ರೈಮರ್, ಆಮೇಲಷ್ಟೇ ಬಣ್ಣ. "ಹೊಳಪಿನ ಮ್ಯಾಲೆ ಬಣ್ಣ ಕೂರಲ್ಲ ಮಗಾ, ಅದ್ಕೆ ಹಿಡ್ಕಳಾಕೆ ಏನಾರ ಬೇಕು" ಅನ್ನುತ್ತಿದ್ದ. ಇಲ್ಲಿ ಹೊಳಪೂ ಇದೆ, ಮೇಲೆ ಎಣ್ಣೆಯೂ ಇದೆ.

ಹೇಳಬಹುದಿತ್ತು. ಹೇಳಲಿಲ್ಲ. ಕುರ್ಚಿ ಹಾಕಿಕೊಂಡು ಬಾಳೆಹಣ್ಣು ತಿನ್ನುತ್ತ ನೋಡಿದೆ. ನನ್ನನ್ನು ದಬ್ಬುವ ಕೋಣೆಗೆ ನಾನೇ ಮೇಸ್ತ್ರಿಯಾಗಬೇಕೇ?

"ಹೆಂಗೈತೆ ರಂಜಿ?"

"ಚೆನ್ನಾಗೈತೆ ಅತ್ತೆ."

ನವೆಂಬರ್ 23

ಇನ್ನೂ ಅಂಟಂಟು. ಅತ್ತೆ ಚಳಿಯನ್ನು ಬೈದರು. ಹೊಸ್ತಿಲಿಗೆ ಕೆಂಪು ಹಚ್ಚಿದರು, ಅಂಚಿಗೆ ಪುಟ್ಟ ಪುಟ್ಟ ಚುಕ್ಕಿ. ಹೊರಗೆ ತಳ್ಳಿಸಿಕೊಳ್ಳುವವಳಿಗೆ ಇಷ್ಟೊಂದು ಸಿಂಗಾರ ಬೇರೆ!

ಡಿಸೆಂಬರ್ 1

ಎಂಟು ದಿನ ಏನೂ ಬರೆದಿಲ್ಲ. ಯಾರೂ ಏನೂ ಹೇಳಿಲ್ಲ. ಅವ್ವ ದಿನಾ ಫೋನ್ ಮಾಡುತ್ತಾಳೆ. ಅತ್ತೆ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತ ಕಿವಿ ಕೊಡುತ್ತಾರೆ. ಇವರನ್ನು ನೇರವಾಗಿ ಕೇಳಿದೆ. "ಎಲ್ಲಾ ಒಳ್ಳೇದಕ್ಕೆ ಬಿಡೇ" ಅಂದರು. ಒಳ್ಳೆಯದು ಯಾರಿಗೆ?

ಅತ್ತೆ ಸಂತೆಗೆ ಹೋದಾಗ ಬಾಗಿಲನ್ನು ಉಗುರಿನಲ್ಲಿ ಕೆರೆದೆ. ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಖುಷಿಯಾಯಿತು. ಹೌದು, ಖುಷಿಯೇ.

ಡಿಸೆಂಬರ್ 5

ಗೊಲ್ಲಪ್ಪ ಮಾವ ಬ್ಯಾಗು ಹಿಡಿದು ಬಂದರು. ಸೀದಾ ಹಿತ್ತಲಿಗೆ ಹೋಗಿ ಆ ಚಾಪೆಯ ಮೇಲೆ ಕೂತರು. ನನಗೆ ತಡೆಯಲಾಗಲಿಲ್ಲ.

"ನಾನು ಆ ಕೋಣೆಗೆ ಹೋಗಲ್ಲ ಅತ್ತೆ. ಕೂಸು ಎತ್ಕಂಡು ರೋಡಲ್ಲಿ ಬೇಕಾದ್ರೂ ಇರ್ತೀನಿ."

ಅತ್ತೆ ನನ್ನ ಮುಖವನ್ನೇ ನೋಡಿದರು. "ನೀನ್ಯಾಕೆ ಹೋಗ್ತೀಯೇ? ಹೋಗೋದು ದೇವ್ರು."

ಅತ್ತೆ ಪಡಸಾಲೆಯ ಪೆಟ್ಟಿಗೆಯ ಕಡೆ ಕೈ ಮಾಡಿದರು.

"ಗೋವರ್ಧನನ್ನ ಹೆತ್ತಾಗ ನಾನೂ ಹೊರಗಿದ್ದೋಳೇ. ಸಾಕು ಅದು. ಈ ಸಲ ದೇವ್ರೇ ಹೊರಗಿರ್ಲಿ. ಅವ್ನಿಗೇನು ಚಳಿ ಆಗ್ತೈತಾ? ಸೂತಕ ಕಳಿಯೋತಂಕ ಗೊಲ್ಲಪ್ಪ ಅಲ್ಲೇ ಇದ್ದು ದೀಪ ಹಚ್ತಾನೆ. ನಾನು ನಿನ್ನ ಜತಿಗೆ ಒಳಗೆ. ನಿಂಗೆ ಹೇಳಿದ್ರೆ ನೀನು ನಿಮ್ಮವ್ವಂಗೆ ಹೇಳ್ತಿದ್ದೆ, ಅಲ್ಲಿಂದ ಹಟ್ಟಿಗೆಲ್ಲ ಗೊತ್ತಾಗಿ ಬಂದು ತಡೆಯೋರು."

ಆ ಹಳದಿ, ಆ ಕೆಂಪು ಹೊಸ್ತಿಲು. ದೇವರ ಮನೆಗೆ ಹಚ್ಚುವ ಬಣ್ಣ ಅದು ಎಂದು ನನಗೆ ಹೊಳೆಯಲೇ ಇಲ್ಲವಲ್ಲ. ನಾಚಿಕೆಯಿಂದ ಸಾಯುವ ಹಾಗಾಯಿತು. ಬಾಗಿಲ ಬಣ್ಣ ನಿಲ್ಲುವುದಿಲ್ಲ ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ನಾಳೆ ಹೇಳೋಣ.

ಡಿಸೆಂಬರ್ 6, ಮಧ್ಯಾಹ್ನ 3

ಹೇಳುವ ಮೊದಲೇ ಆಗಿಹೋಯಿತು. ಗೊಲ್ಲಪ್ಪ ಮಾವ ದೇವರ ಪೆಟ್ಟಿಗೆ ಹೊತ್ತು ಒಳಗೆ ಕಾಲಿಡುವಾಗ ಪೆಟ್ಟಿಗೆಯ ಮೂಲೆ ಬಾಗಿಲಿಗೆ ತಾಗಿತು. ಮೊಳದುದ್ದ ಹಳದಿ ಕಿತ್ತು ಬಂದು ಪೆಟ್ಟಿಗೆಗೇ ಅಂಟಿಕೊಂಡಿತು. ಮಾವ ಹಿಂದಕ್ಕೆ ಬಂದರು.

"ದೇವ್ರಿಗೆ ಒಪ್ಪಿಗೆ ಇಲ್ಲ ಕಣಕ್ಕ. ಬಾಗ್ಲೇ ಬ್ಯಾಡ ಅಂತೈತೆ. ವಾಪಸ್ ಪಡಸಾಲೇಲೇ ಇಡಾಣ. ಕೂಸಿನ ವಿಷ್ಯ ಆಮೇಲೆ ನೋಡಾಣ."

ಆಮೇಲೆ ಏನು ನೋಡುತ್ತಾರೆ ಎಂದು ನನಗೆ ಗೊತ್ತು. ಒಬ್ಬರು ಹೊರಗಿರಲೇಬೇಕಲ್ಲ.

ಪೆಟ್ಟಿಗೆ ಈಗ ಬೇವಿನ ಮರದ ಕೆಳಗಿದೆ. ಅತ್ತೆ ಅದರ ಮುಂದೆ ಕೂತಿದ್ದಾರೆ. ನನಗೋಸ್ಕರ ದೇವರನ್ನೇ ಎದುರು ಹಾಕಿಕೊಂಡ ಹೆಂಗಸು, ತಪ್ಪಾಯ್ತು ತಪ್ಪಾಯ್ತು ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಾರೆ. ತಪ್ಪು ಅವರದ್ದಲ್ಲ.

3.20

ದೀಪ ಹಚ್ಚುವ ಹೊತ್ತಿನೊಳಗೆ ತೀರ್ಮಾನ ಅಂತೆ. ಹೇಳಿದರೆ ಅತ್ತೆ ಇನ್ನು ನನ್ನನ್ನು ಯಾವ ಕಣ್ಣಿಂದ ನೋಡುತ್ತಾರೋ. ಹೇಳದಿದ್ದರೆ... ಕೂಸು ಒದೆಯುತ್ತಿದೆ.

ಅತ್ತೆ ಎದ್ದು ಬಂದರು. ಕಿಟಕಿಯಾಚೆ ನಿಂತಿದ್ದಾರೆ, ಬೆರಳಲ್ಲಿ ಹಳದಿ ಸಿಪ್ಪೆ.

"ರಂಜೀ, ನಿಮ್ಮಪ್ಪ ಪೇಂಟ್ರಲ್ವೇನವ್ವಾ. ಇದು ಯಾಕೆ ಹಿಂಗಾತು, ನಿಂಗೇನಾರ ಗೊತ್ತೈತಾ?"

ಬರೆಯುವುದು ಸಾಕು. ಎದ್ದು ಹೋಗಿ ಹೇಳಬೇಕು. ಅತ್ತೆ, ಅದು ದೇವರು ಮಾಡಿದ್ದಲ್ಲ, ಅದು ಎಣ್ಣೆ ಮಾಡಿದ್ದು, ನಂಗೆ ಅವತ್ತೇ ಗೊತ್ತಿತ್ತು.